ವಿಕಟಕವಿ ಮತ್ತು ಒಂದು ಸಾಲಿನ ಉತ್ತರ

ಒಂದು ಪಟ್ಟಿ ಇದೆ. ಅದರ ಕೊನೆಯ ಅಂಶ ಯಾವುದು ಎಂದು ಹೇಳಬೇಕು.

ಮೂರನೇ ತರಗತಿಯ ಮಗುವಿಗೆ ಈ ಪ್ರಶ್ನೆ ಕೇಳಿದರೆ ಬೆರಳಿಟ್ಟು ತೋರಿಸಿ ಆಟಕ್ಕೆ ಓಡುತ್ತದೆ. ಕಂಪ್ಯೂಟರಿಗೆ ಹೇಳಿಕೊಡಬೇಕಾದಾಗ ಮಾತ್ರ ‘ಕೊನೆ’ ಎಂದರೇನು ಎಂದು ನಾವೇ ಒಮ್ಮೆ ಯೋಚಿಸಬೇಕಾಗುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಪಾಠ ಮಾಡುತ್ತಿದ್ದ ವರ್ನರ್ ಹೆಟ್ ಎಂಬುವರು ಪ್ರೋಲಾಗ್ ಭಾಷೆ ಕಲಿಯುವವರಿಗಾಗಿ ‘99 ಪ್ರಶ್ನೆಗಳು’ ಎಂಬ ಒಂದು ಮಾಲೆ ಮಾಡಿದರು. ಅದರ ಮೊದಲ ಪ್ರಶ್ನೆ ಇದೇ. ಮುಂದೆ ಈ ಮಾಲೆ ಲಿಸ್ಪ್‌ಗೆ ಬಂತು, ಹ್ಯಾಸ್ಕೆಲ್‌ಗೆ ಬಂತು. ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಓಣಿಯೊಳಗೆ ಮೊದಲ ಬಾರಿ ಕಾಲಿಡುವ ಬಹಳಷ್ಟು ಜನ ಇವತ್ತಿಗೂ ಈ ಬಾಗಿಲಿಂದಲೇ ಬರುತ್ತಾರೆ. (ಹೆಸರಲ್ಲಿ 99 ಇದ್ದರೂ ನಡುವೆ ಕೆಲವು ಸಂಖ್ಯೆಗಳೇ ಇಲ್ಲ. 28ರ ನಂತರ ಸೀದಾ 31 ಬರುತ್ತದೆ. ಎಲ್ಲ ಮುಗಿಸಿದೆ ಎಂದು ಜಂಬ ಕೊಚ್ಚಿಕೊಳ್ಳುವವರನ್ನು 29ನೆಯದು ಹೇಗಿತ್ತು ಎಂದು ಕೇಳಬಹುದು.)

ಫಂಕ್ಷನಲ್ ಶೈಲಿಯ ವಿಶೇಷ ಏನೆಂದರೆ, ಅಲ್ಲಿ ಪ್ರೋಗ್ರಾಂ ಎಂಬುದು ‘ಇದನ್ನು ಮಾಡು, ಆಮೇಲೆ ಅದನ್ನು ಮಾಡು’ ಎಂಬ ಆಜ್ಞೆಗಳ ಸರಣಿಯಾಗಿರುವುದಿಲ್ಲ. ಶಾಲೆಯ ಬೀಜಗಣಿತದ ಸಮೀಕರಣಗಳ ಹಾಗೆ, ಇದು ಎಂದರೆ ಅದು ಎಂದು ಹೇಳುವ ವ್ಯಾಖ್ಯೆಗಳಾಗಿರುತ್ತದೆ. ಹ್ಯಾಸ್ಕೆಲ್ ಅಂಥ ಒಂದು ಭಾಷೆ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರನ್ನೇ ಹೊತ್ತಿರುವ ಈ ಭಾಷೆಯ ಮೊದಲ ವರದಿ 1990ರಲ್ಲಿ ಹೊರಬಂತು. ಅದರಲ್ಲಿ ಮೊದಲ ಪ್ರಶ್ನೆಗೆ ಉತ್ತರ ಹೀಗೆ ಬರೆಯಬಹುದು. ಹೆಸರುಗಳನ್ನು ನಾನು ಕನ್ನಡದಲ್ಲಿ ಇಟ್ಟುಕೊಂಡಿದ್ದೇನೆ, ವಾಕ್ಯರಚನೆ ಹ್ಯಾಸ್ಕೆಲ್‌ನದೇ:

ಕೊನೆಯದು [ಅ] = ಅ
ಕೊನೆಯದು (ಅ : ಉಳಿದವು) = ಕೊನೆಯದು ಉಳಿದವು

ಒಂದೇ ಅಂಶವಿರುವ ಪಟ್ಟಿಯ ಕೊನೆಯದು ಆ ಅಂಶವೇ. ಅದಕ್ಕಿಂತ ಉದ್ದದ ಪಟ್ಟಿಯಾದರೆ, ಮೊದಲನೆಯದನ್ನು ಬಿಟ್ಟು ಉಳಿದವುಗಳ ಕೊನೆಯದು ಯಾವುದೋ ಇಡೀ ಪಟ್ಟಿಯ ಕೊನೆಯದೂ ಅದೇ. ಇಷ್ಟೇ. ಕಂಪ್ಯೂಟರ್ ಮುಟ್ಟಿಯೇ ನೋಡದ ನನ್ನ ಅಕ್ಕನಿಗೆ ಇದನ್ನು ಓದಿ ಹೇಳಿದಾಗ ಅವಳು, “ಇದರಲ್ಲೇನಿದೆ, ಸರಿ ತಾನೆ” ಎಂದಳು. ಒಂದು ಉತ್ತರಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಗೊತ್ತಿಲ್ಲ.

ಇದೇ ಪ್ರಶ್ನೆಗೆ ಇನ್ನೊಂದು ಉತ್ತರವೂ ಬಹಳ ಕಡೆ ಸಿಗುತ್ತದೆ:

ಕೊನೆಯದು = ಮಡಿಸು (ಸ್ಥಿರ ತದ್ರೂಪ)

ಇದೂ ಸರಿಯೇ. ‘ಮಡಿಸು’ ಎಂಬುದು ಪಟ್ಟಿಯನ್ನು ಬಲದಿಂದ ಎರಡೆರಡಾಗಿ ಸೇರಿಸುತ್ತ ಬಂದು ಒಂದೇ ಬೆಲೆಗೆ ಇಳಿಸುವ ಫಂಕ್ಷನ್. ‘ತದ್ರೂಪ’ ಎಂದರೆ ಕೊಟ್ಟದ್ದನ್ನೇ ವಾಪಸು ಕೊಡುವುದು. ‘ಸ್ಥಿರ’ ಎಂದರೆ ಎರಡು ಕೊಟ್ಟರೆ ಎರಡನೆಯದನ್ನು ಎಸೆದು ಮೊದಲನೆಯದನ್ನು ಇಟ್ಟುಕೊಳ್ಳುವುದು. ಹಾಗಾದರೆ ‘ಸ್ಥಿರ ತದ್ರೂಪ’ಕ್ಕೆ ಒಂದು ಅಂಶ ಕೊಟ್ಟರೆ ಅದು ಆ ಅಂಶವನ್ನು ಎಸೆದು ‘ತದ್ರೂಪ’ವನ್ನು ಉಳಿಸಿಕೊಳ್ಳುತ್ತದೆ. ಆ ‘ತದ್ರೂಪ’ಕ್ಕೆ ಮುಂದಿನದನ್ನು ಕೊಟ್ಟರೆ ಅದನ್ನೇ ಹಿಂದಿರುಗಿಸುತ್ತದೆ. ಅಂದರೆ ಒಟ್ಟಾರೆ, ಎರಡು ಕೊಟ್ಟರೆ ಎರಡನೆಯದನ್ನು ಉಳಿಸಿಕೊ ಎಂದಾಯಿತು. ಹೀಗೆ ಮಡಿಸುತ್ತ ಹೋದರೆ ಕೊನೆಯದು ಮಾತ್ರ ಉಳಿಯುತ್ತದೆ.

ಈ ಪ್ಯಾರಾವನ್ನು ಎರಡು ಸಲ ಓದಬೇಕಾಯಿತೇ? ನಾನೂ ಬರೆಯುವಾಗ ಎರಡು ಸಲ ತಪ್ಪಿದೆ. ಇದೇ ಉತ್ತರದ ಕರ್ತೃ ‘ಸ್ಥಿರ ತದ್ರೂಪ’ಕ್ಕೆ ‘ಎರಡನೆಯದು’ ಎಂದು ಒಂದು ಹೆಸರಿಟ್ಟು, ‘ಕೊನೆಯದು = ಮಡಿಸು ಎರಡನೆಯದು’ ಎಂದು ಬರೆದಿದ್ದರೆ ಸಾಕಿತ್ತು. ಒಂದೇ ಒಂದು ಹೆಸರಿನ ಖರ್ಚು. ಆ ಖರ್ಚನ್ನು ಅವರು ಯಾಕೆ ಮಾಡಲಿಲ್ಲ ಎಂಬುದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ. ಯಾಕೆಂದರೆ ನಾನೂ ಎಷ್ಟೋ ಸಲ ಆ ಖರ್ಚು ಮಾಡಿಲ್ಲ.

ಅಭ್ಯಾಸದ ಪ್ರಶ್ನೆಗಳ ಉತ್ತರಕ್ಕೆ ಒಂದು ವಿಚಿತ್ರ ಗುಣವಿದೆ. ಅದು ಯಾರಿಗೂ ಬೇಕಾಗಿಲ್ಲ. ಬ್ಯಾಂಕಿನ ಪ್ರೋಗ್ರಾಮಿನಲ್ಲಿ ಬಡ್ಡಿ ಲೆಕ್ಕ ಸರಿಬಂದರೆ ಒಳಗೆ ಏನು ಬರೆದಿದೆ ಎಂದು ಖಾತೆದಾರ ಕೇಳುವುದಿಲ್ಲ. ಆದರೆ ಪಟ್ಟಿಯ ಕೊನೆಯ ಅಂಶ ತೆಗೆಯುವ ಫಂಕ್ಷನ್ ಹ್ಯಾಸ್ಕೆಲ್‌ನಲ್ಲಿ ಮೊದಲೇ ಇದೆ. ತಿರುಗಿಸುವುದೂ ಇದೆ, ಉದ್ದ ಅಳೆಯುವುದೂ ಇದೆ. ನಾವು ಬರೆಯುವ ಉತ್ತರದಿಂದ ಜಗತ್ತಿಗೆ ಹೊಸ ಸಾಮರ್ಥ್ಯವೇನೂ ಸೇರುವುದಿಲ್ಲ. ಹಾಗಿದ್ದ ಮೇಲೆ ಅಂಥ ಉತ್ತರವನ್ನು ಬರೆದು ಇನ್ನೊಬ್ಬರ ಕಣ್ಣಿಗೆ ಬೀಳುವ ಕಡೆ ಇಡುವುದಕ್ಕೆ ಒಂದೇ ಒಂದು ಸಮರ್ಥನೆ ಉಳಿಯುತ್ತದೆ: ಅದನ್ನು ಓದಿದವರಿಗೆ ಏನೋ ತಿಳಿಯಬೇಕು. ಬೇರೆಡೆ ಸ್ಪಷ್ಟತೆ ಹಲವು ಗುಣಗಳಲ್ಲಿ ಒಂದು. ಇಲ್ಲಿ ಅದೊಂದೇ ಗುಣ, ಅದಿಲ್ಲದಿದ್ದರೆ ಉತ್ತರಕ್ಕೆ ಹುಟ್ಟುವ ಕಾರಣವೇ ಇರಲಿಲ್ಲ.

ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1972ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಈ ಒಂದು ಸಾಲಿನ ಚಟವನ್ನು ಲೇವಡಿ ಮಾಡಿದ್ದರು. ಒಬ್ಬ ಪ್ರೋಗ್ರಾಮರ್ ಇನ್ನೊಬ್ಬನ ಮೇಜಿನ ಮೇಲೆ ಒಂದು ಸಾಲಿನ ಪ್ರೋಗ್ರಾಂ ಇಡುತ್ತಾನೆ. ಇದು ಏನು ಮಾಡುತ್ತದೆ ಹೇಳು ನೋಡೋಣ ಎಂದು ಸವಾಲು ಹಾಕುತ್ತಾನೆ, ಇಲ್ಲವೇ ಇದನ್ನು ಇನ್ನೂ ಚಿಕ್ಕದು ಮಾಡು ಎನ್ನುತ್ತಾನೆ. ಡೈಕ್‌ಸ್ಟ್ರಾ ಅವರ ಆಕ್ಷೇಪ ಶೈಲಿಯ ಬಗ್ಗೆ ಅಲ್ಲ, ವಿನಯದ ಬಗ್ಗೆ. ನಮ್ಮ ತಲೆಬುರುಡೆ ಚಿಕ್ಕದು ಎಂದು ತಿಳಿದವನು ಜಾಣ ಚಮತ್ಕಾರಗಳಿಂದ ದೂರ ಇರುತ್ತಾನೆ ಎಂಬುದು ಅವರ ವಾದ. ಇದೇ ಡೈಕ್‌ಸ್ಟ್ರಾ ನಿವೃತ್ತರಾದ ಮೇಲೆ, 2001ರಲ್ಲಿ, ಟೆಕ್ಸಸ್ ವಿಶ್ವವಿದ್ಯಾಲಯದವರಿಗೆ ಪತ್ರ ಬರೆದು, ಹೊಸ ವಿದ್ಯಾರ್ಥಿಗಳ ಮೊದಲ ಪಾಠದಿಂದ ಹ್ಯಾಸ್ಕೆಲ್ ತೆಗೆದು ಜಾವಾ ಹಾಕಬೇಡಿ ಎಂದು ಬೇಡಿಕೊಂಡರು. ಅಂದರೆ ಹೊಸಬರಿಗೆ ಫಂಕ್ಷನಲ್ ಭಾಷೆಯೇ ಒಳ್ಳೆಯದು ಎಂದು ನಂಬಿದವರು ಅವರು. ಚಮತ್ಕಾರಕ್ಕೆ ಅತಿ ಹೆಚ್ಚು ಅವಕಾಶ ಕೊಡುವ ಭಾಷೆಗಳ ಪೈಕಿ ಅದೂ ಒಂದು ಎಂಬುದು ಬೇರೆ ಮಾತು.

ಈಗ ನನ್ನ ಕಥೆ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕೈದು ಜನ ಭಾನುವಾರ ಬೆಳಿಗ್ಗೆ ಒಂದು ಖಾಲಿ ಕೋಣೆಯಲ್ಲಿ ಸೇರಿ ಆಸಕ್ತಿ ಇರುವ ವಿದ್ಯಾರ್ಥಿಗಳಿಗೆ ಹ್ಯಾಸ್ಕೆಲ್ ಹೇಳಿಕೊಡುತ್ತಿದ್ದೆವು. ಫೀಸಿಲ್ಲ, ಪರೀಕ್ಷೆಯಿಲ್ಲ. ಇದೇ 99 ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸುವುದು. ಆರನೆಯ ಪ್ರಶ್ನೆ: ಒಂದು ಪಟ್ಟಿ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿದೆಯೇ ಎಂದು ನೋಡಬೇಕು. ಕನಕ, ನಯನ, ಜಲಜ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಒಬ್ಬಳು ಹುಡುಗಿ, ಡಿಗ್ರಿ ಎರಡನೇ ವರ್ಷದವಳು, ಮೂರು ಸಾಲಿನ ಉತ್ತರ ಬರೆದಿದ್ದಳು. ಖಾಲಿ ಪಟ್ಟಿಯಾದರೆ ಹೌದು. ಒಂದೇ ಅಂಶವಾದರೆ ಹೌದು. ಇಲ್ಲವಾದರೆ ಮೊದಲನೆಯದೂ ಕೊನೆಯದೂ ಒಂದೇ ಆಗಿರಬೇಕು, ಎರಡನ್ನೂ ಕಳಚಿದ ಮೇಲೆ ನಡುವೆ ಉಳಿದದ್ದೂ ಹಾಗೆಯೇ ಇರಬೇಕು. ಕೊನೆಯದನ್ನು ತೆಗೆಯಲು ಮೊದಲ ವಾರ ತಾನೇ ಬರೆದ ಫಂಕ್ಷನ್ ಬಳಸಿದ್ದಳು.

“ಸರ್, ಸರಿ ಬರ್ತಿಲ್ಲ” ಎಂದಳು. ನಾನು ಏನು ಕೊಟ್ಟು ನೋಡಿದೆ ಎಂದು ಕೇಳಲಿಲ್ಲ. ಅವಳ ಮೂರು ಸಾಲಿನ ಮೇಲೆ ಕಣ್ಣಾಡಿಸಿ, “ಸರಿ ಇದೆಯಲ್ಲ, ಆದರೆ ಇಷ್ಟುದ್ದ ಬೇಕಾಗಿಲ್ಲ” ಎಂದು ಬೋರ್ಡಿನ ಮೇಲೆ ಬರೆದೆ:

ತಿರುಗುಮುರುಗು = ಸಮವೇ <*> ತಿರುವು

ಪಟ್ಟಿಯ ಹೆಸರೇ ಇಲ್ಲದೆ ಪಟ್ಟಿಯ ಬಗ್ಗೆ ಹೇಳುವ ಸಾಲು. ನಡುವೆ ಇರುವ ಆ ಚಿಹ್ನೆ, ಫಂಕ್ಷನ್‌ಗಳನ್ನೇ ಒಂದು ಬಗೆಯ ಡಬ್ಬಿಗಳೆಂದು ಭಾವಿಸಿ, ಒಂದೇ ಪಟ್ಟಿಯನ್ನು ಎರಡೂ ಕಡೆಗೆ ಹಂಚುತ್ತದೆ. ಅದನ್ನು ನಿಜವಾಗಿ ಅರ್ಥ ಮಾಡಿಕೊಳ್ಳಲು ಹೊಸಬರಿಗೆ ತಿಂಗಳುಗಳೇ ಬೇಕು. ‘ತಿರುಗುಮುರುಗು ಪಟ್ಟಿ = (ಪಟ್ಟಿ == ತಿರುವು ಪಟ್ಟಿ)’ ಎಂದು ಬರೆದಿದ್ದರೂ ಒಂದೇ ಸಾಲು, ಹತ್ತು ವರ್ಷದ ಮಗುವಿಗೂ ಓದಲು ಬರುತ್ತಿತ್ತು. ಆದರೆ ಅದರಲ್ಲಿ ನಾನು ಕಾಣಿಸುತ್ತಿರಲಿಲ್ಲ. ಕೋಣೆಯಲ್ಲಿದ್ದ ಇನ್ನಿಬ್ಬರು ಹಿರಿಯರು ‘ಓಹೋ’ ಎಂದರು. ನಾನು ಕನಕ ಕೊಟ್ಟೆ, ನಿಜ ಎಂದು ಬಂತು. ಹುಡುಗಿ ತನ್ನ ಮೂರು ಸಾಲನ್ನು ಅಳಿಸಿ ನನ್ನದನ್ನು ಬರೆದುಕೊಂಡಳು. ಮುಂದಿನ ಎರಡು ಭಾನುವಾರ ಅವಳು ಬರಲಿಲ್ಲ.

ಈ ಕಥೆಯ ಉಳಿದ ಭಾಗಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಪರವಾಗಿ ಒಬ್ಬ ವಕೀಲನನ್ನು ನಿಲ್ಲಿಸಿಕೊಳ್ಳುತ್ತೇನೆ.

ವಕೀಲ ಹೇಳುತ್ತಾನೆ: ಸ್ಪಷ್ಟತೆ ಎಂದರೆ ಯಾರಿಗೆ ಸ್ಪಷ್ಟ? ಚಿಕ್ಕದಾಗಿರುವುದು ಅಪರಾಧವೇ? ನಮ್ಮ ಕೇಶಿರಾಜನನ್ನೇ ನೋಡಿ. ಹದಿಮೂರನೆಯ ಶತಮಾನದಲ್ಲಿ ಕನ್ನಡ ವ್ಯಾಕರಣವನ್ನೆಲ್ಲ ಕಂದಪದ್ಯಗಳಲ್ಲಿ ಹಿಡಿದಿಟ್ಟ. ಸೂತ್ರಕಾರರಿಗೆ ಅರ್ಧ ಮಾತ್ರೆ ಉಳಿದರೂ ಹಬ್ಬ ಎಂದು ಹಳಬರು ಹೇಳುತ್ತಿದ್ದುದು ಸುಮ್ಮನೆಯೇ? ಓದುಗ ಬೆಳೆಯಬೇಕು. ಎಲ್ಲವನ್ನೂ ಅರೆದು ಬಾಯಿಗಿಟ್ಟರೆ ಹಲ್ಲು ಬರುವುದು ಯಾವಾಗ?

ವಾದದಲ್ಲಿ ಹುರುಳಿದೆ. ಆದರೆ ವಕೀಲ ಅರ್ಧ ಸಾಕ್ಷ್ಯವನ್ನು ಮಾತ್ರ ಮುಂದಿಟ್ಟಿದ್ದಾನೆ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಬರೆದು ಅಲ್ಲಿಗೇ ಬಿಡಲಿಲ್ಲ. ತಾನೇ ಗದ್ಯದಲ್ಲಿ ವೃತ್ತಿ ಬರೆದ, ಹಿಂದಿನ ಕವಿಗಳಿಂದ ಪ್ರಯೋಗಗಳನ್ನು ಎತ್ತಿ ಕೊಟ್ಟ. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನ ಬರೆದ ಭಟ್ಟಾಕಳಂಕನೂ ಹಾಗೆಯೇ. 592 ಸೂತ್ರ, ಅದಕ್ಕೆ ತನ್ನದೇ ವೃತ್ತಿ, ಅದರ ಮೇಲೆ ತನ್ನದೇ ವ್ಯಾಖ್ಯಾನ. ಚಿಕ್ಕದಾಗಿ ಹೇಳಿದವನ ಮೇಲೆ ಬಿಡಿಸಿ ಹೇಳುವ ಸಾಲವಿದೆ, ಆ ಸಾಲವನ್ನು ಅವನೇ ತೀರಿಸಬೇಕು ಎಂದು ಅವರಿಗೆ ಅನಿಸಿತ್ತೆಂದು ಕಾಣುತ್ತದೆ. ಅಲ್ಲದೆ ಸೂತ್ರ ಚಿಕ್ಕದಾಗಿದ್ದುದು ಬಾಯಿಪಾಠಕ್ಕೆ ಒದಗಲಿ ಎಂದು. ನನ್ನ ಬೋರ್ಡಿನ ಸಾಲನ್ನು ಯಾರೂ ಬಾಯಿಪಾಠ ಮಾಡಬೇಕಿರಲಿಲ್ಲ. ಅದು ಯಾವ ಕಾರಣಕ್ಕೂ ಚಿಕ್ಕದಾಗಿರಲಿಲ್ಲ, ಚಿಕ್ಕದಾಗಬೇಕೆಂದು ಚಿಕ್ಕದಾಗಿತ್ತು.

ಚಿಕ್ಕದೂ ಸ್ಪಷ್ಟವೂ ಆಗಿರುವ ಉತ್ತರಗಳಿಲ್ಲವೇ? ಇವೆ, ಅವನ್ನು ಕಂಡರೆ ನನಗೆ ಈಗಲೂ ಖುಷಿ. ಎಂಟನೆಯ ಪ್ರಶ್ನೆ: ಒಂದರ ಪಕ್ಕ ಒಂದು ಬಂದಿರುವ ಸಮಾನ ಅಂಶಗಳಲ್ಲಿ ಒಂದನ್ನು ಮಾತ್ರ ಉಳಿಸಬೇಕು. ‘ಅಕ್ಕಪಕ್ಕದ ಸಮಾನಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನ ಮೊದಲನೆಯದನ್ನು ತೆಗೆದುಕೊ’ ಎಂಬಷ್ಟೇ ಹೇಳುವ ಮೂರು ಪದದ ಉತ್ತರ ಹ್ಯಾಸ್ಕೆಲ್‌ನಲ್ಲಿದೆ. ಗುಂಪು ಮಾಡುವ ಫಂಕ್ಷನ್ ಒಂದಿದೆ ಎಂದು ತಿಳಿದರೆ ಸಾಕು, ಉಳಿದದ್ದು ತಾನೇ ಓದಿಸಿಕೊಳ್ಳುತ್ತದೆ. ಇಲ್ಲಿ ಓದುಗನಿಗೆ ಕೇಳಿದ್ದು ಒಂದೇ ಹೊಸ ಪದ. ಆ ಪದಕ್ಕೆ ಪ್ರತಿಯಾಗಿ ಜೀವನವಿಡೀ ಬರುವ ಒಂದು ಉಪಕರಣ ಸಿಗುತ್ತದೆ. ‘ಸ್ಥಿರ ತದ್ರೂಪ’ದ ಒಗಟು ಬಿಡಿಸಿದವನಿಗೆ ಸಿಗುವುದು ಒಗಟು ಬಿಡಿಸಿದ ಸಮಾಧಾನ ಮಾತ್ರ.

ಕನ್ನಡದಲ್ಲಿ ಯೋಚಿಸುವವರಿಗೆ ಇನ್ನೊಂದು ಸಣ್ಣ ತೊಡಕಿದೆ. ನಾವು ‘ಗುಂಪು ಮಾಡಿ, ಮೊದಲನೆಯದನ್ನು ತೆಗೆದು, ಎಣಿಸಿ’ ಎಂದು ಕೃದಂತಗಳನ್ನು ಪೋಣಿಸುತ್ತ ಎಡದಿಂದ ಬಲಕ್ಕೆ ಹೋಗುತ್ತೇವೆ. ಮೊದಲು ಮಾಡಿದ್ದು ಮೊದಲು ಬರುತ್ತದೆ. ಹ್ಯಾಸ್ಕೆಲ್‌ನಲ್ಲಿ ಫಂಕ್ಷನ್‌ಗಳನ್ನು ಜೋಡಿಸಿದರೆ ಬಲಗಡೆಯದು ಮೊದಲು ನಡೆಯುತ್ತದೆ. ಎಫ್ ಶಾರ್ಪ್, ಎಲಿಕ್ಸಿರ್ ಭಾಷೆಗಳಲ್ಲಿ ಕೊಳವೆಯಂಥ ಒಂದು ಚಿಹ್ನೆ ಇದೆ, ಅದನ್ನು ಬಳಸಿ ಬರೆದದ್ದು ಹೆಚ್ಚುಕಡಿಮೆ ಕನ್ನಡ ವಾಕ್ಯದ ಕ್ರಮದಲ್ಲೇ ಓದಿಸಿಕೊಳ್ಳುತ್ತದೆ. ಆ ಹುಡುಗಿಯಂಥವರು ‘ಉಲ್ಟಾ ಇದೆ ಸರ್’ ಎಂದಾಗ ಅದು ದಡ್ಡತನ ಅಲ್ಲ, ವ್ಯಾಕರಣ.

ಹಾಗೆಂದು ಉದ್ದುದ್ದ ಹೆಸರಿಟ್ಟರೆ ಸ್ಪಷ್ಟವಾಗುತ್ತದೆ ಎಂದೂ ಅಲ್ಲ. ಮೇಲಿನ ಉತ್ತರದಲ್ಲಿ ‘ಅ’ ಎಂದು ಬರೆದಿದ್ದೇನೆ. ಅದು ಸಂಖ್ಯೆಯೋ, ಅಕ್ಷರವೋ, ಊರಿನ ಹೆಸರೋ ಆ ಫಂಕ್ಷನ್‌ಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅಲ್ಲಿ ‘ವಿದ್ಯಾರ್ಥಿ’ ಎಂದು ಬರೆದಿದ್ದರೆ ತಿಳಿಯದ್ದನ್ನು ತಿಳಿದಂತೆ ಹೇಳಿದ ಹಾಗಾಗುತ್ತಿತ್ತು.

ಸ್ಪಷ್ಟತೆಗೂ ದಕ್ಷತೆಗೂ ಜಗಳ ಬರುವ ಜಾಗವೂ ಇದೆ. ಐದನೆಯ ಪ್ರಶ್ನೆಯಲ್ಲಿ ಪಟ್ಟಿಯನ್ನು ತಿರುಗಿಸಬೇಕು. ಎಲ್ಲರಿಗೂ ಮೊದಲು ಹೊಳೆಯುವ ಉತ್ತರ:

ತಿರುವು [] = []
ತಿರುವು (ಅ : ಉಳಿದವು) = ತಿರುವು ಉಳಿದವು ++ [ಅ]

ಉಳಿದದ್ದನ್ನು ತಿರುಗಿಸಿ ಅದರ ಬಾಲಕ್ಕೆ ಮೊದಲನೆಯದನ್ನು ಅಂಟಿಸು. ಓದಲು ಸೊಗಸು. ಆದರೆ ಬಾಲಕ್ಕೆ ಅಂಟಿಸಬೇಕಾದರೆ ಪ್ರತಿ ಸಲವೂ ಪಟ್ಟಿಯ ಉದ್ದಕ್ಕೂ ನಡೆದು ಹೋಗಬೇಕು. 1000 ಅಂಶಗಳಿದ್ದರೆ 999, 998, 997 ಹೀಗೆ ಒಟ್ಟು 4,99,500 ಹೆಜ್ಜೆ. ಕೆಲಸ ತಿರುಗಿಸುವುದು, ಕೂಲಿ ಐದು ಲಕ್ಷ ಹೆಜ್ಜೆ. ಇದನ್ನು ಸರಿಪಡಿಸುವ ಉತ್ತರ ಹೀಗಿದೆ:

ತಿರುವು ಪಟ್ಟಿ = ಸುರಿ ಪಟ್ಟಿ []
ಸುರಿ [] ರಾಶಿ = ರಾಶಿ
ಸುರಿ (ಅ : ಉಳಿದವು) ರಾಶಿ = ಸುರಿ ಉಳಿದವು (ಅ : ರಾಶಿ)

ಮೊದಲ ನೋಟಕ್ಕೆ ಇದು ಗಲಿಬಿಲಿ. ಆದರೆ ಇಸ್ಪೀಟಿನ ಕಟ್ಟೊಂದನ್ನು ಕೈಯಲ್ಲಿ ಹಿಡಿದು, ಮೇಲಿನಿಂದ ಒಂದೊಂದೇ ಎಲೆ ತೆಗೆದು ಪಕ್ಕದಲ್ಲಿ ರಾಶಿ ಹಾಕಿ ನೋಡಿ. ಕಟ್ಟು ಮುಗಿಯುವ ಹೊತ್ತಿಗೆ ರಾಶಿ ತಿರುವುಮುರುವಾಗಿರುತ್ತದೆ. ಸಾವಿರ ಎಲೆಗೆ ಸಾವಿರ ಸಲ ಕೈಯಾಡಿಸಿದರೆ ಮುಗಿಯಿತು. ಈ ಚಿತ್ರ ಕಣ್ಣಿಗೆ ಬಂದ ಮೇಲೆ ಎರಡನೆಯ ಉತ್ತರ ಮೊದಲನೆಯದಕ್ಕಿಂತಲೂ ಸರಳ ಅನಿಸುತ್ತದೆ. ಇದರಿಂದ ನನಗೆ ತಿಳಿದದ್ದೇನೆಂದರೆ, ಮೊದಲು ಹೊಳೆದದ್ದೇ ಸ್ಪಷ್ಟ, ಆಮೇಲೆ ಬಂದದ್ದೆಲ್ಲ ಜಟಿಲ ಎಂಬ ಲೆಕ್ಕ ಸರಿಯಲ್ಲ. ಕೆಲವು ಸಲ ಸ್ಪಷ್ಟತೆ ಇರುವುದು ಎರಡನೇ ಸುತ್ತಿನಲ್ಲಿ. ಅಲ್ಲಿಗೆ ಓದುಗನನ್ನು ಕರೆದೊಯ್ಯಲು ಕಟ್ಟು, ರಾಶಿ, ಸುರಿ ಎಂಬ ಹೆಸರುಗಳು ಬೇಕು. ಇದೇ ಉತ್ತರವನ್ನು ಒಂದು ಸಾಲಿನ ಚಿಹ್ನೆಗಳಿಗೆ ಇಳಿಸಿದರೆ ಕಂಪ್ಯೂಟರ್ ಅದೇ ಇಸ್ಪೀಟು ಆಡುತ್ತದೆ, ಓದುಗನಿಗೆ ಮಾತ್ರ ಎಲೆಗಳು ಕಾಣುವುದಿಲ್ಲ.

ನೈತಿಕವಾಗಿ ಇನ್ನೂ ತೀಕ್ಷ್ಣವಾದದ್ದು ಖಾಲಿ ಪಟ್ಟಿಯ ಪ್ರಶ್ನೆ. ಖಾಲಿ ಪಟ್ಟಿಯ ಕೊನೆಯ ಅಂಶ ಯಾವುದು? ನಾನು ಆರಂಭದಲ್ಲಿ ಬರೆದ ಎರಡು ಸಾಲಿನ ಉತ್ತರವನ್ನು ಮತ್ತೆ ನೋಡಿ. ಅಕ್ಕನ ಪ್ರಶಸ್ತಿ ಪಡೆದ ಆ ಉತ್ತರದಲ್ಲಿ ಈ ಪ್ರಶ್ನೆಗೆ ಜವಾಬಿಲ್ಲ. ಖಾಲಿ ಪಟ್ಟಿ ಕೊಟ್ಟರೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಆದರೆ ಆ ಫಂಕ್ಷನ್‌ನ ಟೈಪ್ ಹೇಳುವುದು ‘ಯಾವ ಪಟ್ಟಿಯನ್ನಾದರೂ ಕೊಡಿ, ಒಂದು ಅಂಶ ಕೊಡುತ್ತೇನೆ’ ಎಂದು. ಅದೊಂದು ಮಾತು, ಕೊಟ್ಟು ಉಳಿಸಿಕೊಳ್ಳಲಾಗದ ಮಾತು. ಹ್ಯಾಸ್ಕೆಲ್‌ನಲ್ಲಿ ಇದಕ್ಕೊಂದು ಪ್ರಾಮಾಣಿಕ ದಾರಿಯಿದೆ. ಆ ಟೈಪಿನ ಹೆಸರೇ ‘ಮೇಬಿ’, ನಮ್ಮ ‘ಬಹುಶಃ’. ಫಲಿತಾಂಶ ‘ಅ’ ಅಲ್ಲ, ‘ಬಹುಶಃ ಅ’: ಇದ್ದರೆ ಇದು, ಇಲ್ಲದಿದ್ದರೆ ಏನೂ ಇಲ್ಲ. ಉತ್ತರ ಒಂದು ಸಾಲು ಉದ್ದವಾಗುತ್ತದೆ, ಅಂದ ತುಸು ಕೆಡುತ್ತದೆ, ಬಳಸುವವರಿಗೆ ಎರಡೂ ಸಾಧ್ಯತೆ ನೋಡಿಕೊಳ್ಳುವ ಕಿರಿಕಿರಿ ಸೇರುತ್ತದೆ. ಆದರೆ ಮಾತು ಉಳಿಯುತ್ತದೆ.

ಇದು ಬರೀ ಮಡಿವಂತಿಕೆ ಎನ್ನುವವರಿಗೆ ಟೋನಿ ಹೋರ್ ಅವರ ಉದಾಹರಣೆ ಇದೆ. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಎಂಬ ಭಾಷೆ ರೂಪಿಸುವಾಗ ಅವರು ‘ಏನೂ ಇಲ್ಲ’ ಎಂಬುದನ್ನು ಸೂಚಿಸುವ ನಲ್ ಉಲ್ಲೇಖವನ್ನು ಸೇರಿಸಿದರು. ಇಲ್ಲದ್ದನ್ನು ಇದೆ ಎಂಬ ವೇಷದಲ್ಲಿ ಎಲ್ಲಿ ಬೇಕಾದರೂ ಓಡಾಡಲು ಬಿಟ್ಟ ಹಾಗಾಯಿತು. 2009ರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದುಕೊಂಡರು. ಹ್ಯಾಸ್ಕೆಲ್‌ನವರೂ ಈ ವಿಷಯದಲ್ಲಿ ಶುದ್ಧಹಸ್ತರೇನಲ್ಲ. ಪಟ್ಟಿಯ ಮೊದಲನೆಯದನ್ನು ತೆಗೆಯುವ ಅದರ ಮೂಲ ಫಂಕ್ಷನ್ ಖಾಲಿ ಪಟ್ಟಿಯ ಮೇಲೆ ಇವತ್ತಿಗೂ ಬಿದ್ದುಹೋಗುತ್ತದೆ. 2023ರಲ್ಲಿ ಬಂದ ಕಂಪೈಲರ್ ಆವೃತ್ತಿಯಿಂದೀಚೆಗೆ ಅದನ್ನು ಬಳಸಿದರೆ ಎಚ್ಚರಿಕೆಯಾದರೂ ಬರುತ್ತದೆ. ಹೊಸಬರಿಗೆ ಉತ್ತರ ಬರೆಯುವಾಗ ಖಾಲಿ ಪಟ್ಟಿಯನ್ನು ಮರೆತಂತೆ ನಟಿಸುವುದು ಸಾಮಾನ್ಯ, ನಾನೂ ಮೇಲೆ ಅದನ್ನೇ ಮಾಡಿದೆ. ಕಡೇ ಪಕ್ಷ ‘ಖಾಲಿ ಪಟ್ಟಿಯನ್ನು ಇಲ್ಲಿ ಬಿಟ್ಟಿದ್ದೇನೆ’ ಎಂದು ಒಂದು ಟಿಪ್ಪಣಿ ಹಾಕಬಹುದು. ಅಂಥ ಟಿಪ್ಪಣಿ ಹಾಕಲು ಜಾಗವಿರುವುದು ಸ್ಪಷ್ಟವಾದ ಉತ್ತರದಲ್ಲಿ ಮಾತ್ರ. ಒಗಟಿನಲ್ಲಿ ಏನು ಬಿಟ್ಟುಹೋಗಿದೆ ಎಂದು ಬರೆದವನಿಗೂ ಕಾಣುವುದಿಲ್ಲ.

ಈಗ ಆ ಹುಡುಗಿಯ ವಿಷಯ. ಮೂರನೇ ಭಾನುವಾರ ಬಂದಳು. ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಊರಿಗೆ ಹೋಗಿದ್ದೆ ಎಂದಳು. ಸ್ವಲ್ಪ ಹೊತ್ತಾದ ಮೇಲೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಅವತ್ತು ಅವಳು ತನ್ನ ಉತ್ತರಕ್ಕೆ ಕೊಟ್ಟಿದ್ದ ಪದ ‘ವಿಕಟಕವಿ’. ಸುಳ್ಳು ಎಂದು ಬಂದಿತ್ತು. ಮನೆಗೆ ಹೋಗಿ ನನ್ನ ಒಂದು ಸಾಲಿಗೂ ಅದನ್ನೇ ಕೊಟ್ಟಿದ್ದಾಳೆ. ಅದೂ ಸುಳ್ಳು ಎಂದಿದೆ. ತೆನಾಲಿ ರಾಮನ ಕಥೆ ಕೇಳಿದ ಪ್ರತಿ ಮಗುವಿಗೂ ಗೊತ್ತಿರುವ ಪದ, ಹಿಂದಿನಿಂದ ಓದಿದರೂ ವಿಕಟಕವಿಯೇ. “ನಿಮ್ಮದೂ ತಪ್ಪು ಹೇಳ್ತಿತ್ತು. ಆದ್ರೆ ನೀವು ಬರೆದದ್ದು ತಪ್ಪಿರಲ್ಲ ಅಂದ್ಕೊಂಡೆ. ನಾನೇ ಏನೋ ತಪ್ಪು ಟೈಪ್ ಮಾಡ್ತಿದೀನಿ ಅಂದ್ಕೊಂಡೆ. ನಿಮ್ಮದರೊಳಗೆ ಎಲ್ಲಿ ಕೈ ಹಾಕ್ಬೇಕೋ ಗೊತ್ತಾಗ್ಲಿಲ್ಲ.”

ನನಗೆ ಚುಚ್ಚಿದ್ದು ಕೊನೆಯ ವಾಕ್ಯ. ಸ್ಪಷ್ಟವಾದ ಬರಹ ಅರ್ಥವಾಗದಿದ್ದರೆ ಓದುಗ ಬರಹವನ್ನು ಅನುಮಾನಿಸುತ್ತಾನೆ, ಅಥವಾ ವಿಷಯವನ್ನು ಅನುಮಾನಿಸುತ್ತಾನೆ. ಜಾಣ ಬರಹ ಅರ್ಥವಾಗದಿದ್ದರೆ ತನ್ನನ್ನೇ ಅನುಮಾನಿಸುತ್ತಾನೆ. ನನ್ನ ಸಾಲಿನಲ್ಲಿದ್ದ ತಪ್ಪನ್ನು ನಾನು ಗೊತ್ತಿಲ್ಲದೆ ಅವಳ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ. ಅದರ ಬಡ್ಡಿಯಾಗಿ ಅವಳು ಎರಡು ಭಾನುವಾರ ತಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂದುಕೊಂಡು ಕೂತಿದ್ದಳು.

ಅವಳು ಮುಂದೆ ಹೋದದ್ದು ನನ್ನ ಸಾಲಿನಿಂದ ಅಲ್ಲ, ತನ್ನದೇ ಹಳೆಯ ಉತ್ತರಗಳಿಂದ. ನಾಲ್ಕನೆಯ ಪ್ರಶ್ನೆಗೆ ಬರೆದಿದ್ದ ‘ಉದ್ದ’ ಫಂಕ್ಷನ್‌ಗೆ ವಿಕಟಕವಿ ಕೊಟ್ಟು ನೋಡಿದಳು. ಕಣ್ಣಿಗೆ ಕಾಣುವುದು ಐದು ಅಕ್ಷರ, ಬಂದದ್ದು 7. ಆಮೇಲೆ ‘ತಿರುವು’ ಕೊಟ್ಟಳು. ಹ್ಯಾಸ್ಕೆಲ್‌ನ ತೆರೆ ಕನ್ನಡವನ್ನು ಅಕ್ಷರವಾಗಿ ತೋರಿಸುವುದಿಲ್ಲ, ಸಂಖ್ಯೆಗಳಾಗಿ ತೋರಿಸುತ್ತದೆ. ಬೇರೆ ದಿನ ಶಾಪ ಹಾಕುತ್ತಿದ್ದ ಆ ದೋಷವೇ ಅವತ್ತು ಉಪಕಾರಕ್ಕೆ ಬಂತು. ವಿಕಟಕವಿ ಎಂದರೆ 3253, 3263, 3221, 3231, 3221, 3253, 3263. ತಿರುಗಿಸಿದರೆ 3263, 3253, 3221, 3231, 3221, 3263, 3253. ಎರಡನ್ನೂ ಒಂದರ ಕೆಳಗೊಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಳು. ಮೊದಲ ಎರಡೂ ಕೊನೆಯ ಎರಡೂ ಅದಲುಬದಲಾಗಿವೆ. 3253 ಎಂದರೆ ವ. 3263 ಎಂದರೆ ಗುಡಿಸು. ನಮಗೆ ‘ವಿ’ ಒಂದು ಅಕ್ಷರ. ಯೂನಿಕೋಡ್‌ಗೆ ಅದು ವ ಮತ್ತು ಗುಡಿಸು, ಎರಡು. ತಿರುಗಿಸಿದಾಗ ಗುಡಿಸು ವ-ದ ಹಿಂದಿನಿಂದ ಮುಂದಕ್ಕೆ ಬಂದು ಕೂತಿದೆ. ಕನಕ, ನಯನ, ಜಲಜ ಎಲ್ಲ ಪಾಸಾದದ್ದು ಅವುಗಳಲ್ಲಿ ಗುಣಿತವೇ ಇಲ್ಲ ಎಂಬ ಕಾರಣಕ್ಕೆ.

ಅಂದರೆ ಅವಳ ಮೂರು ಸಾಲು ಸರಿಯೇ ಇತ್ತು. ನನ್ನ ಒಂದು ಸಾಲೂ ಸರಿಯೇ ಇತ್ತು. ತಪ್ಪಿದ್ದು ‘ಅಂಶ’ ಎಂದರೆ ‘ಅಕ್ಷರ’ ಎಂದು ನಾವಿಬ್ಬರೂ ಅಂದುಕೊಂಡದ್ದರಲ್ಲಿ. ಆದರೆ ಅವಳ ಉತ್ತರದಲ್ಲಿ ‘ಮೊದಲನೆಯದು’, ‘ಕೊನೆಯದು’ ಎಂಬ ಹೆಸರುಗಳಿದ್ದವು. ವಿಕಟಕವಿಯ ಕೊನೆಯದು ಯಾವುದು ಎಂದು ಕೇಳಬಹುದಿತ್ತು, ಕೇಳಿದ್ದರೆ 3263 ಎಂದು ಉತ್ತರ ಬರುತ್ತಿತ್ತು, ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಅದನ್ನೇ ನಾನು ಅಳಿಸಿಸಿದ್ದೆ. ಅಥವಾ ಅವತ್ತು, ಏನು ಕೊಟ್ಟು ನೋಡಿದೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಹಾಗೆಂದು ಅವಳಿಗೆ ಹೇಳಿದೆ. ಅವಳು ಪರವಾಗಿಲ್ಲ ಸರ್ ಎಂದು ತಾನು ಹೊಸದಾಗಿ ಬರೆದದ್ದನ್ನು ತೋರಿಸುವ ಆತುರದಲ್ಲಿದ್ದಳು:

ಅಕ್ಷರಗಳು [] = []
ಅಕ್ಷರಗಳು (ಅ : ಚ : ಉಳಿದವು) | ಗುಣಿತವೇ ಚ = [ಅ, ಚ] : ಅಕ್ಷರಗಳು ಉಳಿದವು
ಅಕ್ಷರಗಳು (ಅ : ಉಳಿದವು) = [ಅ] : ಅಕ್ಷರಗಳು ಉಳಿದವು

ವ್ಯಂಜನದ ಹಿಂದೆ ಗುಣಿತದ ಚಿಹ್ನೆ ಬಂದಿದ್ದರೆ ಎರಡನ್ನೂ ಕಟ್ಟಿ ಒಂದು ಮಾಡು, ಇಲ್ಲದಿದ್ದರೆ ಒಂದನ್ನೇ ಇಡು. ಹೀಗೆ ಕಟ್ಟಿದ ಮೇಲೆ ಹಳೆಯ ಮೂರು ಸಾಲನ್ನು ಒಂದಕ್ಷರವೂ ಬದಲಿಸದೆ ಅದರ ಮೇಲೆ ಓಡಿಸಿದಳು. ವಿಕಟಕವಿಗೆ ನಿಜ ಎಂದು ಬಂತು. ಅಭ್ಯಾಸದಿಂದ ನನ್ನ ಕೈ ಕೀಲಿಮಣೆಯ ಕಡೆಗೆ ಹೋಯಿತು. ಎರಡನೆಯ ಮತ್ತು ಮೂರನೆಯ ಸಾಲನ್ನು ಸೇರಿಸಿ ಒಂದು ಮಡಿಸುವಿಕೆಯಾಗಿ ಬರೆಯಬಹುದಲ್ಲ ಎಂದು ತಲೆಯಲ್ಲಿ ಆಗಲೇ ಓಡುತ್ತಿತ್ತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಆಗ ಫಂಕ್ಷನ್‌ನ ಮೇಲೆ ಅವಳು ಹಾಕಿದ್ದ ಟಿಪ್ಪಣಿ ಕಣ್ಣಿಗೆ ಬಿತ್ತು:

-- ಒತ್ತಕ್ಷರ ಬಂದರೆ ತಪ್ಪು ಹೇಳುತ್ತದೆ. ಗುಣಿತದ ಮೇಲೆ ಸೊನ್ನೆ ಬಂದರೂ. ಅದು ಇನ್ನೂ ಗೊತ್ತಾಗಿಲ್ಲ.